ಟೊಂಕದ ಗಾಳಿಗೆ ಹಾಯಿ ಕಟ್ಟುವವರು ಯಾರು?

ಹೊನ್ನಾವರ ಸ್ಟ್ಯಾಂಡಿನಿಂದ ಭಟ್ಕಳದ ಕಡೆ ಹೊರಟ ಬಸ್ಸು ಶರಾವತಿ ಸೇತುವೆ ಹತ್ತಿದ ಕೂಡಲೇ ಕಿಟಕಿ ಪಕ್ಕದವರೆಲ್ಲ ಒಮ್ಮೆ ಹೊರಗೆ ಕಣ್ಣು ಹಾಯಿಸುವುದು ರೂಢಿ. ದಿನಾ ಓಡಾಡುವವರೂ ನೋಡುತ್ತಾರೆ. ಎಡಕ್ಕೆ ಕೊಂಕಣ ರೈಲಿನ ಉದ್ದ ಸೇತುವೆ. ಬಲಕ್ಕೆ ಹೊಳೆ ಅಗಲವಾಗುತ್ತ ಹೋಗಿ ಕಡಲು ಸೇರುವ ಅಳಿವೆ, ಅದರ ದಂಡೆಗೆ ಕಾಸರಕೋಡದ ಟೊಂಕ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಮೇಲೆ ದಾಟಿದರಂತೂ ಬಲಗಡೆಯ ಕಿಟಕಿಯಿಂದ ನುಗ್ಗುವ ಗಾಳಿಗೆ ಕೈಯಲ್ಲಿನ ಟಿಕೆಟು ಹಾರಿಹೋಗಬೇಕು, ಅಷ್ಟು ಜೋರು.

ಆ ಗಾಳಿಗೆ ಯಾರೂ ಕಾಸು ಕೊಡುವುದಿಲ್ಲ. ಅದಕ್ಕೆ ರೇಶನ್ ಇಲ್ಲ, ಪರ್ಮಿಟ್ ಇಲ್ಲ. ದಿನಾ ಹೆಚ್ಚುಕಡಿಮೆ ಹೇಳಿದ ಹೊತ್ತಿಗೇ ಬರುತ್ತದೆ, ಕತ್ತಲಾದ ಮೇಲೆ ತಣ್ಣಗಾಗುತ್ತದೆ. ಅಷ್ಟಿದ್ದರೂ ಕೆಳಗಿನ ಹೊಳೆಯಲ್ಲಿ ಅದನ್ನು ಹಿಡಿಯುವ ಒಂದು ಹಾಯಿ ಕಣ್ಣಿಗೆ ಬೀಳುವುದು ಅಪರೂಪ. ಇಂಜಿನ್ ಬೋಟುಗಳಿವೆ, ಫೈಬರ್ ದೋಣಿಗಳಿವೆ, ಪ್ರವಾಸಿಗರನ್ನು ಕೂರಿಸಿಕೊಂಡು ಕಾಂಡ್ಲಾ ಕಾಡಿನ ಸುತ್ತ ಹೋಗಿ ಬರುವ ದೋಣಿಗಳಿವೆ. ಹಾಯಿ ಮಾತ್ರ ಇಲ್ಲ.

ಇದರಲ್ಲೇನು ಹೊಸತು, ಎತ್ತಿನ ಗಾಡಿಯೂ ಹೋಯಿತು, ಹಾಯಿಯೂ ಹೋಯಿತು ಎಂದು ಪಕ್ಕದ ಸೀಟಿನವರು ಕೇಳಿಯಾರು. ಮಾತು ಸರಿಯೇ. ಆದರೆ ಎತ್ತಿನ ಗಾಡಿ ಓಡಿಸುವುದಕ್ಕೆ ಯಾರೂ ಪದಕ ಕೊಡುವುದಿಲ್ಲ. ಹಾಯಿ ಓಡಿಸುವುದಕ್ಕೆ ಕೊಡುತ್ತಾರೆ. ಅದೂ ಒಲಿಂಪಿಕ್ಸಿನಲ್ಲಿ, ಏಷ್ಯನ್ ಕ್ರೀಡಾಕೂಟದಲ್ಲಿ. ಆ ಪದಕ ತಂದವರು ಯಾವ ಊರಿನವರು ಎಂಬುದನ್ನು ಕೇಳಿದರೆ ಕರಾವಳಿಯವರು ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಕಡಲಿಲ್ಲದ ಊರಿನ ಪದಕ

2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದ ಹುಡುಗಿ ನೇಹಾ ಠಾಕೂರ್. ಆಕೆ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯವಳು, ರೈತನ ಮಗಳು. ಮಧ್ಯಪ್ರದೇಶಕ್ಕೆ ಕಡಲೆಂಬುದು ಇಲ್ಲ. ಆಕೆ ಕಲಿತದ್ದು ಭೋಪಾಲದ ಕೆರೆಯಲ್ಲಿ. ಅಲ್ಲಿ ಸರಕಾರವೇ ಹಾಯಿದೋಣಿ ಶಾಲೆ ನಡೆಸುತ್ತದೆ; ಹಳ್ಳಿಯ ಮಕ್ಕಳನ್ನು ಆರಿಸಿ ತಂದು ಕಲಿಸುತ್ತಾರೆ.

ಹೈದರಾಬಾದಿನದು ಇನ್ನೊಂದು ಬಗೆ. ಅಲ್ಲಿಯ ಹುಸೇನ್ ಸಾಗರದಲ್ಲಿ 2009ರಲ್ಲಿ ಶುರುವಾದ ಯಾಟ್ ಕ್ಲಬ್ಬು ಸರಕಾರಿ ಶಾಲೆಯ ಬಡಮಕ್ಕಳಿಗೆ ಹಾಯಿ ಕಲಿಸಿತು. ಆ ಮಕ್ಕಳು ರಾಷ್ಟ್ರಮಟ್ಟದಲ್ಲಿ ಗೆದ್ದು ಬಂದರು. ಯಾಟ್ ಕ್ಲಬ್ಬು ಎಂದರೆ ಬಿಳಿ ಚಡ್ಡಿಯ ಸಾಹೇಬರು ಸಂಜೆ ಗ್ಲಾಸು ಹಿಡಿದು ಕೂರುವ ಜಾಗ ಎಂದು ತಿಳಿದವರಿಗೆ ಇದು ಹೊಸ ಸಂಗತಿ. ಹಾಗೆ ತಿಳಿದದ್ದರಲ್ಲಿ ತಪ್ಪೂ ಇಲ್ಲ. ಮುಂಬಯಿಯ ರಾಯಲ್ ಕ್ಲಬ್ಬು 1846ರದ್ದು, ಮದರಾಸಿನದು 1911ರದ್ದು, ಎರಡೂ ಬ್ರಿಟಿಷರು ತಮಗೋಸ್ಕರ ಕಟ್ಟಿಕೊಂಡವು.

ಕರ್ನಾಟಕದಲ್ಲಿ ಹಾಯಿಯ ಆಟ ಎಲ್ಲಿ ಬೇರೂರಿತು? ಕಾರವಾರದಲ್ಲಲ್ಲ, ಮಲ್ಪೆಯಲ್ಲಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ! ಅಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಆಶ್ರಯದಲ್ಲಿ ‘ತೃಷ್ಣಾ’ ಹೆಸರಿನ ಕ್ಲಬ್ಬಿದೆ. ಆ ಹೆಸರಿನ ಹಿಂದೆ ಒಂದು ಕತೆಯೂ ಉಂಟು. ಸೈನ್ಯದ ಎಂಜಿನಿಯರ್ ದಳದವರು 1985ರಲ್ಲಿ 37 ಅಡಿಯ ‘ತೃಷ್ಣಾ’ ಎಂಬ ಹಾಯಿನೌಕೆ ಏರಿ ಭೂಮಿ ಸುತ್ತಲು ಹೊರಟು, 1987ರ ಜನವರಿಯಲ್ಲಿ ತಿರುಗಿ ಬಂದರು. ಹಾಯಿಯ ಮೇಲೆ ಜಗತ್ತು ಸುತ್ತಿದ ಮೊದಲ ಭಾರತೀಯರು ಅವರೇ. ಮೈಸೂರಿನ ಹತ್ತಿರ ಕೃಷ್ಣರಾಜಸಾಗರದ ಹಿನ್ನೀರಿನಲ್ಲೂ ಹಾಯಿದೋಣಿಗಳು ಓಡಿವೆ.

ಎಂದರೆ, ಕೆರೆಯಿದ್ದವರು ಕಲಿತರು, ಡ್ಯಾಮು ಕಟ್ಟಿದವರು ಕಲಿತರು. 300 ಕಿಲೋಮೀಟರಿನಷ್ಟು ಕಡಲ ತೀರ ಇರುವ ಕರಾವಳಿಯ ಮಕ್ಕಳು ದಡದಲ್ಲೇ ನಿಂತು ನೋಡಿದರು.

ಹಾಯಿ ಈ ಹೊಳೆಗೆ ಹೊಸತಲ್ಲ

ಆರುನೂರ ಎಂಬತ್ತು ವರ್ಷಗಳ ಹಿಂದೆ ಇಬ್ನ್ ಬತೂತ ಎಂಬ ಮೊರೊಕ್ಕೊ ದೇಶದ ಯಾತ್ರಿಕ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿಯ ದೊರೆ ಗೋವೆಯ ಮೇಲೆ ಏರಿಹೋಗಲು 52 ನೌಕೆಗಳನ್ನು ಸಜ್ಜುಗೊಳಿಸಿದ್ದನೆಂದೂ ತಾನೂ ಜೊತೆಗೆ ಹೋದೆನೆಂದೂ ಅವನ ಪ್ರವಾಸ ಕಥನದಲ್ಲಿದೆ. ಅದಾಗಿ ಎರಡು ಶತಮಾನದ ನಂತರ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ ಘಟ್ಟದ ಮೆಣಸು ಇದೇ ಹೊಳೆಯಲ್ಲಿ ಇಳಿದು ಇದೇ ಅಳಿವೆಯಿಂದ ಹೊರಗೆ ಹೋಯಿತು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದದ್ದು ಸುಮ್ಮನೆ ಅಲ್ಲ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಬ್ರಿಟಿಷರ ಆಳ್ವಿಕೆಯಲ್ಲಿ ಜೋಗ ನೋಡಲು ಹೊರಟವರು ಹೊನ್ನಾವರದಿಂದ ಗೇರುಸೊಪ್ಪೆಯ ತನಕ ದೋಣಿಯಲ್ಲಿ ಹೋಗಿ, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಕರಾವಳಿಯ ಹೆಂಚು, ಮರಮಟ್ಟು, ತೆಂಗಿನಕಾಯಿ ಹೊತ್ತು ಮುಂಬಯಿಯ ದಾರಿ ಹಿಡಿಯುತ್ತಿದ್ದ ಪತ್ತೆಮಾರಿ, ಮಚವೆಗಳಿಗೆ ಇಂಜಿನ್ ಇರಲಿಲ್ಲ. ಓರೆಯಾಗಿ ಏರಿಸಿದ ಅಡ್ಡಮರಕ್ಕೆ ದೊಡ್ಡ ಮುಕ್ಕೋನೆ ಹಾಯಿ, ಹಿಂದೆ ಚುಕ್ಕಾಣಿ, ಮೇಲೆ ದೇವರು ಅಷ್ಟೆ. ತಾಂಡೇಲ ಎಂದರೆ ಊರಿನಲ್ಲಿ ಒಂದು ತೂಕದ ಮನುಷ್ಯ. ನಕ್ಷತ್ರ ನೋಡಿ ದಿಕ್ಕು, ನೀರಿನ ಬಣ್ಣ ನೋಡಿ ಆಳ, ಮೋಡ ನೋಡಿ ಗಾಳಿ ಹೇಳುವವನು.

ಮೀನಿನ ದೋಣಿಗೂ ಗಾಳಿಯೇ ಇಂಜಿನು. ಮಳೆಗಾಲ ಕಳೆದ ಮೇಲೆ ಕರಾವಳಿಯಲ್ಲಿ ದಿನಕ್ಕೆ ಎರಡು ಗಾಳಿ ಬೀಸುತ್ತವೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹೀಗಾಗಿ ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಮೂಡಗಾಳಿ. ಹೊತ್ತೇರಿ ನೆಲ ಕಾದ ಮೇಲೆ ಲೆಕ್ಕ ಉಲ್ಟಾ. ಮಧ್ಯಾಹ್ನದಿಂದ ಕಡಲಿನ ಕಡೆಯಿಂದ ಪಡುಗಾಳಿ. ಹಳಬರು ಮೂಡಗಾಳಿಯಲ್ಲಿ ಹೊರಗೆ ಹೋಗಿ ಪಡುಗಾಳಿಯಲ್ಲಿ ಮನೆಗೆ ಬರುತ್ತಿದ್ದರು. ಹೋಗುವುದಕ್ಕೂ ಪುಕ್ಕಟೆ, ಬರುವುದಕ್ಕೂ ಪುಕ್ಕಟೆ. ಕೆ.ಎಸ್.ಆರ್.ಟಿ.ಸಿ.ಯವರಿಗೂ ಇಂಥ ವೇಳಾಪಟ್ಟಿ ಸಾಧ್ಯವಾಗಿಲ್ಲ.

ಆಮೇಲೆ ಕಾಲ ಬದಲಾಯಿತು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಇಂಜಿನ್ ಬೋಟುಗಳು ಬಂದವು. 1975ರ ಸುಮಾರಿಗೆ ಪರ್ಸಿನ್ ಬಲೆ ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿತು. ಉಳಿದ ನಾಡದೋಣಿಗಳಿಗೆ 1980ರ ದಶಕದಲ್ಲಿ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನು ಬಂತು. ಗಾಳಿಗೆ ಕಾಯುವ ಕೆಲಸ ಮುಗಿಯಿತು, ಸೀಮೆಎಣ್ಣೆಗೆ ಕಾಯುವ ಕೆಲಸ ಶುರುವಾಯಿತು. ಆ ಕ್ಯೂ ಇಂದಿಗೂ ಕರಗಿಲ್ಲ ಎಂಬುದು ಮೀನುಗಾರರಿಗೆಲ್ಲ ಗೊತ್ತು.

ಇಂಜಿನನ್ನು ಬೈದು ಪ್ರಯೋಜನವಿಲ್ಲ. ಗಾಳಿ ಬಿದ್ದು ದೋಣಿ ನಡುನೀರಿನಲ್ಲಿ ನಿಂತಾಗ ಹುಟ್ಟು ಹಾಕಿ ಹಾಕಿ ಕೈ ಸೋತವರಿಗೆ ಅದರ ಬೆಲೆ ಗೊತ್ತು. ಆದರೆ ಇಂಜಿನಿನ ಜೊತೆ ಒಂದು ವಿದ್ಯೆಯೂ ಮನೆ ಬಿಟ್ಟು ಹೋಯಿತು. ಅಜ್ಜನಿಗೆ ಗೊತ್ತಿದ್ದ ಹಾಯಿ ಮೊಮ್ಮಗನಿಗೆ ಗೊತ್ತಿಲ್ಲ. ಇನ್ನೂ ಕೆಲವು ವರ್ಷ ಕಳೆದರೆ ಕೇಳಿ ತಿಳಿಯೋಣವೆಂದರೆ ಅಜ್ಜನೂ ಇರುವುದಿಲ್ಲ.

ಕಾಸರಕೋಡದ ವರ್ಷ

ಸರಿ, ಹಾಯಿದೋಣಿಯ ಸಂಘವೊಂದು ಕಾಸರಕೋಡದಲ್ಲಿ ಆಯಿತೆಂದೇ ಇಟ್ಟುಕೊಳ್ಳೋಣ. ವರ್ಷದ ಕಾರ್ಯಕ್ರಮ ಏನಿದ್ದೀತು? ಸ್ವಾರಸ್ಯವೆಂದರೆ, ಬೇರೆ ಕಡೆ ಕ್ಲಬ್ಬಿನವರು ಮೀಟಿಂಗು ಮಾಡಿ ಕ್ಯಾಲೆಂಡರು ಅಚ್ಚು ಹಾಕಿಸಬೇಕು. ಇಲ್ಲಿ ಕಡಲೇ ಅದನ್ನು ಮಾಡಿಟ್ಟಿದೆ, ಟೊಂಕದ ಜನ ಅದರಂತೆ ತಲೆಮಾರುಗಳಿಂದ ನಡೆದಿದ್ದಾರೆ.

ಜೂನ್ ಒಂದರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆಯಾದರೂ ಆಷಾಢದ ಕಡಲಿಗೆ ಹೆದರದವರು ಯಾರು? ಕೆಂಪುನೀರು ಹೊತ್ತು ಹೊಳೆ ಇಳಿಯುತ್ತದೆ. ಬೋಟುಗಳು ದಡ ಸೇರುತ್ತವೆ. ಚಪ್ಪರದ ಅಡಿ ಕೂತು ಬಲೆ ಹೆಣೆಯುವುದು, ಹಲಗೆಯ ಸಂದಿಗೆ ಅಂಟು ತುಂಬುವುದು, ಇಂಜಿನು ಬಿಚ್ಚಿ ಎಣ್ಣೆ ಹಾಕುವುದು. ಲೋಕದ ಯಾವ ಹಾಯಿದೋಣಿ ಕ್ಲಬ್ಬಿನಲ್ಲೂ ಋತು ಮುಗಿದ ಮೇಲೆ ಮಾಡುವುದು ಇದನ್ನೇ. ಮಕ್ಕಳಿಗೆ ಗಂಟು ಹಾಕಲು, ಹಗ್ಗ ಹೆಣೆಯಲು, ಹಾಯಿ ಹೊಲಿಯಲು ಕಲಿಸುವುದಾದರೆ ಈ ಎರಡು ತಿಂಗಳಿಗಿಂತ ಬೇರೆ ಸಮಯ ಬೇಕಿಲ್ಲ. ಬಲೆಯ ಗಂಟು ಬಲ್ಲವನಿಗೆ ಹಾಯಿಯ ಗಂಟು ಯಾವ ಮಹಾ?

ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಪೂಜೆ. ತೆಂಗಿನಕಾಯಿ ಬಿಟ್ಟು, ಹಾಲೆರೆದು, ಇನ್ನು ಶಾಂತನಾಗು ಮಾರಾಯ ಎಂದು ಸಮುದ್ರರಾಜನಲ್ಲಿ ಬೇಡಿಕೊಳ್ಳುವ ದಿನ. ಇಂಗ್ಲಿಷರ ಕ್ಲಬ್ಬುಗಳಲ್ಲಿ ಋತುವಿನ ಮೊದಲ ದಿನ ಬಾವುಟ ಏರಿಸಿ ತುತ್ತೂರಿ ಊದುತ್ತಾರಂತೆ. ಇಲ್ಲಿಯ ಪದ್ಧತಿ ಅದಕ್ಕಿಂತ ಹಳತು, ಖರ್ಚೂ ಕಡಿಮೆ.

ಆದರೆ ಪೂಜೆ ಆಯಿತೆಂದು ಕಡಲು ಮರುದಿನವೇ ಮಾತು ಕೇಳುವುದಿಲ್ಲ. ಸೆಪ್ಟೆಂಬರಿನಲ್ಲೂ ಅಲೆ ಇರುತ್ತದೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು, ಒಮ್ಮೆಲೇ ನುಗ್ಗುವ ಗಾಳಿ. 2019ರ ಅಕ್ಟೋಬರಿನಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಾಗ ಕರಾವಳಿಯ ಬೋಟುಗಳೆಲ್ಲ ಬಂದರು ಹುಡುಕಿದ್ದನ್ನು ಮರೆಯಲಾಗದು. ಹಾಯಿ ಕಲಿಯುವವರಿಗೆ ಇದು ಕಾಲವಲ್ಲ. ಈಜು ಕಲಿಯಲಿ, ಹೊಳೆಯ ಒಳಗೆ ಹುಟ್ಟು ಹಾಕಲಿ, ಸಾಕು.

ನಿಜವಾದ ಋತು ನವೆಂಬರಿನಿಂದ. ಆಕಾಶ ತೊಳೆದ ಹಾಗೆ, ಮುಂಜಾನೆ ಮೂಡಗಾಳಿ, ಮಧ್ಯಾಹ್ನದ ಮೇಲೆ ಮೆಲ್ಲನೆಯ ಪಡುಗಾಳಿ. ಟೊಂಕದಲ್ಲಿ ಮೀನು ಒಣಗಿಸುವ ಕೆಲಸವೂ ಭರದಲ್ಲಿ ಇರುವುದು ಆಗಲೇ; ಮರಳಿನ ಮೇಲೆ ಹರವಿದ ಮೀನು ತಿರುವುತ್ತ ಹೆಂಗಸರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಒಣಮೀನಿನ ಆ ವ್ಯಾಪಾರದಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ಅದೇ ಮರಳಿಗೆ ರಾತ್ರಿ ಹೊತ್ತು ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರೂ ಊರವರೂ ಸೇರಿ ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಹಾಯಿದೋಣಿಗೆ ಇಂಜಿನಿನ ಸದ್ದಿಲ್ಲ, ಎಣ್ಣೆಯಿಲ್ಲ, ಆಮೆಗೆ ಬಡಿಯುವ ಪಂಕವೂ ಇಲ್ಲ. ಈ ನೆರೆಮನೆಯವರಿಗೆ ಅದರಿಂದ ತೊಂದರೆಯಿಲ್ಲ.

ಮಾರ್ಚ್ ಕಳೆದು ಬಿಸಿಲೇರಿದ ಹಾಗೆ ಪಡುಗಾಳಿಗೆ ಬಲ ಬರುತ್ತದೆ. ಬಡಗಿನ ಕಡೆಗೆ ಸ್ವಲ್ಪ ವಾಲಿ, ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಬೀಸುವ ಆ ಗಾಳಿಯಲ್ಲೇ ಹಾಯಿ ಹಿಡಿಯುವವನ ಕೈ ಗೊತ್ತಾಗುವುದು. ಗಾಳಿ ಬೆನ್ನಿಗಿದ್ದರೆ ಬಟ್ಟೆ ಕಟ್ಟಿದ ಹಲಗೆಯೂ ಓಡುತ್ತದೆ. ಎದುರಾದಾಗ ಓರೆಯಾಗಿ ಸ್ವಲ್ಪ ಎಡಕ್ಕೆ, ಮಗ್ಗಲು ಬದಲಿಸಿ ಸ್ವಲ್ಪ ಬಲಕ್ಕೆ, ಹೀಗೆ ಹಾವಿನ ಹಾಗೆ ಹರಿದು ಗಾಳಿಯ ಬಾಯಿಗೇ ಹೋಗಿ ಮುಟ್ಟುವುದು, ಅದು ವಿದ್ಯೆ. ಶಾಲೆಗೆ ಬೇಸಿಗೆ ರಜೆ ಬೀಳುವುದೂ ಆಗಲೇ. ಮಧ್ಯಾಹ್ನ ಗದ್ದೆ ಬಯಲಿನಲ್ಲಿ ಕ್ರಿಕೆಟ್ ಆಡಿ ಕಪ್ಪಾಗುವ ಮಕ್ಕಳು ಹೊಳೆಯಲ್ಲಿ ಹಾಯಿ ಹಿಡಿದು ಕಪ್ಪಾದರೆ ತಾಯಂದಿರಿಗೆ ಹೆಚ್ಚೇನೂ ನಷ್ಟವಿಲ್ಲ.

ಮೇ ನಡುವಿಗೆ ಮತ್ತೆ ಕಡಲಿನ ಮುಖ ಕೆಡುತ್ತದೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಬಂದು ಜಿಲ್ಲೆಯ ತೀರಕ್ಕೆ ಹೊಡೆದ ಪೆಟ್ಟು ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದೆ ಪತ್ತೆಮಾರಿಗಳೂ ಆ ಹೊತ್ತಿಗೆ ದಡ ಸೇರಿ, ತೆಂಗಿನ ಗರಿಯ ಮಾಡು ಹೊದ್ದು ಮಲಗುತ್ತಿದ್ದವು.

ಅಳಿವೆಯೆಂಬ ಯಮ

ಇಷ್ಟೆಲ್ಲ ಓದಿ ಯಾರಾದರೂ ನಾಳೆಯೇ ಮಗನನ್ನು ದೋಣಿಯಲ್ಲಿ ಕೂರಿಸಿ ಕಡಲಿಗೆ ಕಳಿಸಬಾರದು. ಶರಾವತಿಯ ಅಳಿವೆ ಸಾಧುವಲ್ಲ.

ಮಳೆಗಾಲದಲ್ಲಿ ಹೊಳೆ ಮರಳನ್ನು ಹೊರಗೆ ನೂಕುತ್ತದೆ, ಉಳಿದ ಕಾಲದಲ್ಲಿ ಅಲೆ ಅದನ್ನು ಒಳಗೆ ನೂಕುತ್ತದೆ. ಇಬ್ಬರ ಜಗಳದಲ್ಲಿ ಬಾಯಲ್ಲಿ ಮರಳಿನ ದಿಬ್ಬ ಏಳುತ್ತದೆ. ದಿಬ್ಬ ಒಂದೇ ಕಡೆ ನಿಲ್ಲುವುದೂ ಇಲ್ಲ. ಕಳೆದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ನೀರು ಇಳಿಯುವ ಹೊತ್ತಿಗೆ ಹೊಳೆಯ ಸೆಳೆತ ಹೊರಕ್ಕೆ, ಕಡಲಿನ ಅಲೆ ಒಳಕ್ಕೆ. ಎರಡೂ ಡಿಕ್ಕಿ ಹೊಡೆದು ದಿಬ್ಬದ ಮೇಲೆ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಇಂಜಿನ್ ಇರುವ ಬೋಟುಗಳೇ ಅಲ್ಲಿ ಮಗುಚಿವೆ. ಹೂಳು ತೆಗೆಯಿರಿ ಎಂದು ಮೀನುಗಾರರು ಮನವಿ ಕೊಟ್ಟು ಕೊಟ್ಟು ಸೋತಿದ್ದಾರೆ. ಏರು ನೀರಿನಲ್ಲಿ ಒಳಗೆ ಬಾ, ಇಳಿ ನೀರಿನಲ್ಲಿ ಬಾಯಿ ಹತ್ತಿರ ಸುಳಿಯಬೇಡ ಎಂಬ ನಿಯಮ ತಪ್ಪಿದವರಿಗೆ ಎರಡನೆಯ ಅವಕಾಶ ಸಿಗುವುದು ಕಷ್ಟ. ಏರಿಳಿತ ಆರಾರು ಗಂಟೆಗೊಮ್ಮೆ, ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಬೀಳುತ್ತ ಹೋಗುತ್ತದೆ. ಟೊಂಕದ ಹುಡುಗರಿಗೆ ಇದು ಮಗ್ಗಿಗಿಂತ ಮೊದಲು ಬಾಯಿಪಾಠ.

ಹೊರಗಿನ ಕಡಲಿನ ಮಾತು ಇನ್ನೂ ಬೇರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಕಾದ ಮೇಲೆ 2019ರ ಮೇ ತಿಂಗಳಲ್ಲಿ ನೌಕಾದಳದವರಿಗೆ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಸಿಕ್ಕಿದ್ದು ಬೋಟಿನ ಅವಶೇಷ. ದೊಡ್ಡ ಬೋಟು, ಅನುಭವಿಗಳು, ವೈರ್‌ಲೆಸ್ ಎಲ್ಲ ಇದ್ದೂ ಹೀಗೆ. ದಡದಲ್ಲೂ ಅಪಾಯ ತಪ್ಪಿದ್ದಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಯ ಪಾಲಾದರು. ನೀರನ್ನು ನೋಡದೇ ಬೆಳೆದ ಮಕ್ಕಳು.

ಹಾಗಾದರೆ ಹಾಯಿ ಎಲ್ಲಿ ಬಿಡುವುದು? ಅಳಿವೆಯ ಒಳಗೆ. ಸೇತುವೆಯ ಆಚೆ ಈಚೆ ಹೊಳೆ ಕೆರೆಯ ಹಾಗೆ ಹರಡಿಕೊಂಡಿದೆ. ಮಾವಿನಕುರ್ವೆಯಂಥ ದ್ವೀಪಗಳಿವೆ, ದಡದಲ್ಲಿ ಕಾಂಡ್ಲಾ ಗಿಡಗಳ ಮರೆ ಇದೆ. ಗೇರುಸೊಪ್ಪೆಯ ಅಣೆಕಟ್ಟೆಯಿಂದ ಕರೆಂಟು ತೆಗೆದ ನೀರು ಬಿಡುವುದರಿಂದ ನಡು ಬೇಸಿಗೆಯಲ್ಲೂ ಈ ಹೊಳೆ ಬತ್ತುವುದಿಲ್ಲ. (ಆ ಸಿಹಿನೀರಿನಿಂದಾಗಿ ಅಳಿವೆಯ ಉಪ್ಪು ಕಡಿಮೆಯಾಗಿ ಬಳಚು, ಮೀನುಗಳಿಗೆ ಆದ ನಷ್ಟ ಬೇರೆಯೇ ಕತೆ.) ಭೋಪಾಲದವರಿಗೆ ಕೆರೆ ಮಾತ್ರ ಇದೆ. ಇಲ್ಲಿ ಕೆರೆಯಂಥ ಹೊಳೆ, ಹೊಳೆಯಲ್ಲಿ ಏರಿಳಿತ, ಆಚೆಗೆ ನಿಜವಾದ ಕಡಲು. ಒಂದನೇ ಕ್ಲಾಸಿನಿಂದ ಕಾಲೇಜಿನವರೆಗೆ ಎಲ್ಲ ಒಂದೇ ಕಂಪೌಂಡಿನಲ್ಲಿ ಇದ್ದ ಹಾಗೆ. ಕಾಲೇಜಿಗೆ ಹೋಗುವ ಅವಸರ ಬೇಡ, ಅಷ್ಟೆ.

ಕ್ಲಬ್ಬು ಯಾರದ್ದು?

ಇಲ್ಲೇ ಇರುವುದು ನಿಜವಾದ ಗಂಟು. ಕಾಸರಕೋಡದ ಬೀಚಿಗೆ 2020ರ ಅಕ್ಟೋಬರಿನಲ್ಲಿ ‘ಬ್ಲೂ ಫ್ಲ್ಯಾಗ್’ ಸಿಕ್ಕಿತು. ಅದಕ್ಕೆ 33 ಷರತ್ತು. ದೇಶದಲ್ಲಿ ಆ ಸಲ ಎಂಟೇ ಬೀಚುಗಳಿಗೆ ಆ ಮಾನ, ಕರ್ನಾಟಕದಲ್ಲಿ ಇದಕ್ಕೆ ಮತ್ತು ಪಡುಬಿದ್ರಿಗೆ. ಬೆಂಗಳೂರು ಹುಬ್ಬಳ್ಳಿಗಳ ಕಾರುಗಳು ಬರುತ್ತವೆ, ಎಳನೀರು, ಚುರುಮುರಿ ಖರ್ಚಾಗುತ್ತದೆ. ಇನ್ನೊಂದು ಕಡೆ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ, ಅದಕ್ಕೆ ಮೀನುಗಾರರ ವಿರೋಧ, ಪೊಲೀಸು, ಕೋರ್ಟು, ಪ್ರತಿಭಟನೆ. ಒಂದೇ ಮರಳಿಗೆ ಎಷ್ಟು ಜನ ಕೈ ಹಾಕುವುದು ಎಂದು ಟೊಂಕದವರು ದಿಗಿಲುಬಿದ್ದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂಥ ಹೊತ್ತಿನಲ್ಲಿ ಹಾಯಿದೋಣಿ ಎಂದರೆ ಇನ್ನೊಬ್ಬ ಕಂಟ್ರಾಕ್ಟರು ಬಂದು ಹೊಳೆಗೂ ಟಿಕೆಟು ಹಚ್ಚಿ, ಗಂಟೆಗೆ ಇಷ್ಟು ಎಂದು ಬೋರ್ಡು ಹಾಕುವುದಾದರೆ, ಅದು ಆಗದೇ ಇರುವುದೇ ಲೇಸು. ಹಾಯಿ ಹಿಡಿದ ಪ್ರವಾಸಿ ಬಂದು ಬಲೆಯ ಮೇಲೆ ಹಾದು ಹೋದರೆ ಆ ಬಲೆಯ ದುಡ್ಡು ಕೊಡುವವರಾರು? ಪಾತಿ ದೋಣಿಯಲ್ಲಿ ಗಾಳ ಹಾಕಿ ಕೂತವನನ್ನು ದೂರ ಹೋಗು ಎನ್ನುವ ಅಧಿಕಾರ ಯಾವ ಕ್ಲಬ್ಬಿಗೂ ಬರಬಾರದು.

ಖಾರ್ವಿ, ಹರಿಕಂತ್ರ, ಮೊಗೇರ, ಅಂಬಿಗ, ದಾಲ್ದಿ, ಕ್ರಿಸ್ತರ ಕೇರಿಗಳ ಮಕ್ಕಳು ಮೊದಲು, ಅವರಲ್ಲಿ ಹೆಣ್ಣುಮಕ್ಕಳೂ ಕಡ್ಡಾಯ. ದಾರಿ ತೋರುವವರು ಹಾಯಿ ಬಲ್ಲ ಹಳೆಯ ತಾಂಡೇಲರು. ಅವರಿಗೆ ಕೂಲಿಯಲ್ಲ, ಮಾಸ್ತರರ ಸಂಬಳ. ಸ್ಪರ್ಧೆಯ ನಿಯಮ ಕಲಿಸಲು ಬೇಕಾದರೆ ಹೊರಗಿನ ಕೋಚು ಬರಲಿ. ಪ್ರತಿ ಮಗುವಿಗೂ ಜೀವರಕ್ಷಕ ಜಾಕೀಟು, ಜೊತೆಗೆ ಕಾವಲಿಗೆ ಒಂದು ಇಂಜಿನ್ ದೋಣಿ. ಇಷ್ಟರ ಮೇಲೆ ಮೂರನೆಯ ಮಾತೇ ಇಲ್ಲ. ಹೀಗೆ ಆದರೆ ಅದನ್ನು ಊರಿನ ಸಂಘ ಎನ್ನಬಹುದು. ಕಲಿತ ಹುಡುಗ ಪದಕ ತಾರದಿದ್ದರೂ ನೌಕಾದಳಕ್ಕೋ ಹಡಗಿನ ಕೆಲಸಕ್ಕೋ ಅರ್ಜಿ ಹಾಕುವಾಗ ಹೇಳಿಕೊಳ್ಳಲು ಒಂದು ಮಾತಿರುತ್ತದೆ. ನೌಕಾದಳದ ‘ತಾರಿಣಿ’ಯಲ್ಲಿ ಆರು ಮಂದಿ ಹೆಣ್ಣುಮಕ್ಕಳು 2017-18ರಲ್ಲಿ ಹಾಯಿಯ ಮೇಲೆ ಜಗತ್ತು ಸುತ್ತಿ ಬಂದದ್ದು ಇಲ್ಲೇ ಪಕ್ಕದ ಗೋವೆಯಿಂದ.

ಎರಡು ಹಲಗೆಯ ದೋಣಿ

ದುಡ್ಡು? ಇದು ಪೇಟೆಯವರ ಪ್ರಶ್ನೆ, ಕೇಳಬೇಕಾದದ್ದೇ.

ಲೋಕದ ಮಕ್ಕಳೆಲ್ಲ ಹಾಯಿ ಕಲಿಯುವುದು ‘ಆಪ್ಟಿಮಿಸ್ಟ್’ ಎಂಬ ಪುಟ್ಟ ದೋಣಿಯಲ್ಲಿ. ಉದ್ದ ಏಳೂಮುಕ್ಕಾಲು ಅಡಿಯಷ್ಟು, ತೂಕ 35 ಕಿಲೋ, ಒಂದೇ ಹಾಯಿ, ಒಂದೇ ಮಗು, ವಯಸ್ಸು ಹದಿನೈದರ ತನಕ. ಮೂತಿ ಮೊಂಡಾಗಿ ನೋಡಲು ಕೊಪ್ಪರಿಗೆಯ ಹಾಗೆ. ಸ್ಪರ್ಧೆಯ ಫೈಬರ್ ದೋಣಿ ಕೊಂಡರೆ ಇಂದು ಲಕ್ಷದ ಮಾತು, ನಿಜ. ಆದರೆ ಅದು ಹುಟ್ಟಿದ್ದು ಬಡವರ ದೋಣಿಯಾಗಿ. 1947ರಲ್ಲಿ, ಭಾರತಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಅಮೆರಿಕದ ಫ್ಲಾರಿಡಾದಲ್ಲಿ ಕ್ಲಿಯರ್‌ವಾಟರ್ ಎಂಬ ಕಡಲತೀರದ ಊರಿನ ಆಪ್ಟಿಮಿಸ್ಟ್ ಕ್ಲಬ್ಬಿನವರು ಊರಿನ ಮಕ್ಕಳಿಗೆ ಅಗ್ಗದ ದೋಣಿ ಬೇಕೆಂದು ಯೋಚಿಸಿದರು. ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವನನ್ನು ಕೇಳಿದರು. ಆತ ಎಂಟಡಿಗೆ ನಾಲ್ಕಡಿಯ ಎರಡು ಪ್ಲೈವುಡ್ ಹಲಗೆಯಲ್ಲಿ ಮುಗಿಯುವ ಹಾಗೆ ನಕ್ಷೆ ಹಾಕಿಕೊಟ್ಟ. ಎಂಟಡಿಯ ಹಲಗೆಗೆ ಹೊಂದಿಸಬೇಕಾದ್ದರಿಂದ ಮೂತಿ ಚೂಪು ಮಾಡಲು ಆಗಲಿಲ್ಲ. ಮೊಂಡು ಮೂತಿಯ ಗುಟ್ಟು ಅಷ್ಟೇ.

ಹಲಗೆಗೆ ಹೊಳೆಸಾಲಿನ ಆಚಾರಿಗಳ ಕೈ ಸಾಲದೇ? ಇದೇ ದಂಡೆಯಲ್ಲಿ ಕಾಥದ ಹುರಿಯಿಂದ ಹಲಗೆ ಹೊಲಿದು, ಮೀನೆಣ್ಣೆ ಬಳಿದು, ಇಡೀ ರಂಪಣಿ ಹೊರುವ ದೋಣಿ ಕಟ್ಟಿದ ಮನೆತನಗಳಿವು. ಪ್ಲೈವುಡ್ ಅಂತೂ ಪೇಟೆಯಲ್ಲಿ ಸಿಗುತ್ತದೆ, ಅಂಟೂ ಸಿಗುತ್ತದೆ. ಹಾಯಿಗೆ ಮೊದಲಿಗೆ ಟಾರ್ಪಾಲಿನದಾದರೂ ನಡೆದೀತು.

ಇನ್ನು ಕ್ಲಿಯರ್‌ವಾಟರಿನವರ ಲೆಕ್ಕಾಚಾರ. ದೋಣಿಯೊಂದಕ್ಕೆ 50 ಡಾಲರಿನೊಳಗೆ ಖರ್ಚು ಮುಗಿಯಬೇಕು, ಒಂದೊಂದು ದೋಣಿಯ ಖರ್ಚನ್ನು ಊರಿನ ಒಬ್ಬೊಬ್ಬ ವ್ಯಾಪಾರಿ ವಹಿಸಿಕೊಳ್ಳಬೇಕು ಎಂಬುದು ಅವರ ಮೂಲ ಯೋಜನೆ. ಮುಂದೆ ಡೆನ್ಮಾರ್ಕಿನವರು ಅದನ್ನು ನೋಡಿ ಯುರೋಪಿಗೆ ತಂದರು. ಈಗ ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ಆ ದೋಣಿ ಓಡಿಸುತ್ತಾರೆ. ಭೋಪಾಲದಲ್ಲೂ ಹುಸೇನ್ ಸಾಗರದಲ್ಲೂ ಹಲಸೂರಿನಲ್ಲೂ ಚಿಕ್ಕ ಮಕ್ಕಳ ಕೈಗೆ ಮೊದಲು ಸಿಗುವುದು ಅದೇ.

ಹೊನ್ನಾವರ ಪೇಟೆಯಲ್ಲಿ ಕ್ರಿಕೆಟ್ ಟೂರ್ನಮೆಂಟಿಗೆ ಕಪ್ಪು, ಯಕ್ಷಗಾನಕ್ಕೆ ಜಾಹೀರಾತು, ಗಣೇಶೋತ್ಸವಕ್ಕೆ ಚಂದಾ ಎಂದು ವರ್ಷಕ್ಕೆ ಹತ್ತು ಸಲ ರಸೀದಿ ಪುಸ್ತಕ ಹಿಡಿದು ಬರುವವರನ್ನು ಅಂಗಡಿಕಾರರು ಕಂಡಿದ್ದಾರೆ, ಗೊಣಗುತ್ತಲೇ ಕೊಟ್ಟಿದ್ದಾರೆ. ಹಾಯಿ ಎಂದರೆ ಮೂವತ್ತೈದು ಚದರಡಿ ಬಟ್ಟೆ. ಒಳ್ಳೆ ಪೇಂಟರು ಸಿಕ್ಕಿದರೆ ಅಂಗಡಿಯ ಹೆಸರು, ಫೋನ್ ನಂಬರು, ‘ನಮ್ಮಲ್ಲಿ ಎಲ್ಲಾ ತರಹದ ಕಿರಾಣಿ ಸಾಮಾನುಗಳು ದೊರೆಯುತ್ತವೆ’ ಎಂಬ ಸಾಲು ಎಲ್ಲ ಹಿಡಿಸುತ್ತದೆ. ಸೇತುವೆಯ ಮೇಲೆ ಹೋಗುವ ಪ್ರತಿ ಬಸ್ಸಿನ ಬಲಗಡೆಯ ಕಿಟಕಿಗೂ ಅದು ಕಾಣುತ್ತದೆ.